ಕೋಡ್ ಬರೆಯುವ ಮೊದಲು ಪಿನ್ ಎಣಿಸು

ನ್ಯೂಕ್ಲಿಯೋ ಬೋರ್ಡ್ ಕೊಂಡೆ ಎಂದು ಫೋನಿನಲ್ಲಿ ಹೇಳಿದಾಗ ನಿನ್ನ ದನಿಯಲ್ಲಿದ್ದ ಖುಷಿ ಕೇಳಿ ನನಗೂ ಸಂತೋಷವಾಯಿತು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎಲ್‌ಇಡಿ ಮಿನುಗಿಸುವ ಆತುರ ನಿನಗಿದೆ, ಗೊತ್ತು. ಆದರೂ ಅರ್ಧ ಗಂಟೆ ತಾಳು ಮಗೂ. ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಪಿನ್ನು, ಜಂಪರುಗಳನ್ನು ಒಂದೊಂದಾಗಿ ನೋಡು. ಕೋಡ್ ತಪ್ಪಾದರೆ ತಿದ್ದಿ ಮತ್ತೆ ಹಾಕಬಹುದು. ತಪ್ಪು ಪಿನ್ನಿಗೆ ಹೋದ ಕರೆಂಟನ್ನು ವಾಪಸ್ ಕರೆಯಲು ಆಗುವುದಿಲ್ಲ.

ನಿನ್ನ ಕೈಯಲ್ಲಿರುವ ಎಫ್401ಆರ್‌ಇ ನಿಜವಾಗಿ ಎರಡು ಬೋರ್ಡುಗಳ ಜೋಡಿ. ಮೇಲಿನ ಚಿಕ್ಕ ತುಂಡು ಎಸ್‌ಟಿ-ಲಿಂಕ್, ಅಂದರೆ ಪ್ರೋಗ್ರಾಂ ತುಂಬುವ ಸಾಧನ. ಕೆಳಗಿನ ದೊಡ್ಡ ಭಾಗದಲ್ಲಿ 64 ಕಾಲಿನ ಚಿಪ್ಪು ಕೂತಿದೆ. ಇವೆರಡರ ನಡುವಿನ ಮಾತುಕತೆ ಸಾಗುವುದು ಸಿಎನ್2 ಎಂದು ಬರೆದಿರುವ ಕಡೆ ಹಾಕಿರುವ ಎರಡು ಪುಟ್ಟ ಜಂಪರ್ ಟೋಪಿಗಳ ಮೂಲಕ. ಒಮ್ಮೆ ನಾನು ಸಹೋದ್ಯೋಗಿಯಿಂದ ಎರವಲು ತಂದ ಬೋರ್ಡ್ ಇಡೀ ಸಂಜೆ ಮಾತಾಡಲಿಲ್ಲ. ಚಿಪ್ಪೇ ಸಿಗುತ್ತಿಲ್ಲ ಎಂದು ಸಾಫ್ಟ್‌ವೇರ್ ಹಠ ಹಿಡಿಯಿತು. ಡ್ರೈವರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಕಂಪ್ಯೂಟರನ್ನೇ ಬದಲಿಸಿದೆ. ರಾತ್ರಿ ಊಟ ಮುಗಿಸಿ ಬಂದು ನೋಡುತ್ತೇನೆ, ಸಿಎನ್2ರ ಪಿನ್ನುಗಳು ಬೋಳಾಗಿ ನಿಂತಿದ್ದವು. ಬೇರೊಂದು ಬೋರ್ಡಿಗೆ ಪ್ರೋಗ್ರಾಂ ಹಾಕಲು ಅವರು ಟೋಪಿ ತೆಗೆದಿದ್ದರು. ಅದಕ್ಕೆ ಹಾಗೇ ಮಾಡಬೇಕು, ತಪ್ಪಿಲ್ಲ. ಮರಳಿ ಹಾಕಲು ಮರೆತಿದ್ದರು, ಅಷ್ಟೆ. ಜೆಪಿ6ರ ಟೋಪಿಯದೂ ಇದೇ ಕಥೆ. ಚಿಪ್ಪು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಅಳೆಯಲು ಅದನ್ನು ತೆಗೆದು ಮೀಟರ್ ಜೋಡಿಸುತ್ತಾರೆ. ಅದು ಇಲ್ಲದಿದ್ದರೆ ಎಸ್‌ಟಿ-ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಚಿಪ್ಪಿಗೆ ಮಾತ್ರ ಅನ್ನವಿಲ್ಲ.

ಕೇಬಲ್ ವಿಷಯಕ್ಕೂ ಗಮನ ಕೊಡು. ಇದಕ್ಕೆ ಬೇಕಿರುವುದು ಮಿನಿ ಯುಎಸ್‌ಬಿ. ಮನೆಯ ಹಳೆಯ ಡ್ರಾಯರಿನಲ್ಲಿ ಸಿಗುವ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದೇ ಇಲ್ಲ. ಕಂಪ್ಯೂಟರ್ ಒಪ್ಪಿಗೆ ಕೊಟ್ಟ ಮೇಲಷ್ಟೇ ಈ ಬೋರ್ಡ್ ಚಿಪ್ಪಿಗೆ ಕರೆಂಟ್ ಬಿಡುತ್ತದೆ. ಹಾಗಾಗಿ ಎಸ್‌ಟಿ-ಲಿಂಕ್ ದೀಪ ಎಲ್‌ಡಿ1 ನಿಧಾನವಾಗಿ ಕೆಂಪಗೆ ಮಿನುಗುತ್ತಾ ಪವರ್ ದೀಪ ಎಲ್‌ಡಿ3 ಆರಿಯೇ ಇದ್ದರೆ ಬೋರ್ಡ್ ಕೆಟ್ಟಿತೆಂದು ಹೆದರಬೇಡ, ಮೊದಲು ಕೇಬಲ್ ಬದಲಿಸು.

ಈಗ ನನ್ನ ಎದೆಯಲ್ಲಿರುವ ಭಯದ ಮಾತು. ಮೋಟರ್ ಓಡಿಸಬೇಕು ಅಂದೆಯಲ್ಲ, ಯುಎಸ್‌ಬಿಯಿಂದ ಈ ಬೋರ್ಡ್ ಕೇಳುವುದು 300 ಮಿಲಿಆಂಪಿಯರ್ ಮಾತ್ರ. ಅದಕ್ಕಿಂತ ಹೆಚ್ಚು ಬೇಕಾದರೆ ಹೊರಗಿನ 5 ವೋಲ್ಟ್ ಸಪ್ಲೈ ಕೊಡಬೇಕು. ಅದರ ಪಿನ್ನಿನ ಹೆಸರು ಇ5ವಿ, ಎಡಬದಿಯ ಉದ್ದ ಸಾಲಾದ ಸಿಎನ್7ರಲ್ಲಿ 6ನೆಯದು. ಅದರ ಪಕ್ಕಕ್ಕೇ ಅಂಟಿಕೊಂಡ 5ನೇ ಪಿನ್ ವಿಡಿಡಿ, ಚಿಪ್ಪಿನ 3.3 ವೋಲ್ಟಿನ ಜೀವನಾಡಿ. ಈ ಚಿಪ್ಪು ಯಾವ ಕಾರಣಕ್ಕೂ 4 ವೋಲ್ಟ್ ದಾಟಬಾರದು. ಎರಡು ಪಿನ್ನುಗಳ ನಡುವಿನ ಅಂತರ 2.54 ಮಿಲಿಮೀಟರ್, ಒಂದು ಭತ್ತದ ಕಾಳಿನ ದಪ್ಪದಷ್ಟು. ತಂತಿ ಒಂದು ಪಿನ್ ಆಚೆ ಬಿದ್ದು ನಾನು ಒಂದು ಬೋರ್ಡ್ ಕಳೆದುಕೊಂಡಿದ್ದೇನೆ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ, ಬೆರಳಿಟ್ಟರೆ ಚಿಪ್ಪು ಸುಡುತ್ತಿತ್ತು. ಆವತ್ತಿನಿಂದ ಹೊಸ ಬೋರ್ಡ್ ಬಂದರೆ ಇ5ವಿ ಪಿನ್ನಿನ ಬುಡಕ್ಕೆ ಕೆಂಪು ನೈಲ್‌ ಪಾಲಿಶಿನ ಚುಕ್ಕಿ ಇಡುತ್ತೇನೆ. ನೀನೂ ಇಡು. ಜೆಪಿ5ರ ಟೋಪಿಯನ್ನು ಯು5ವಿಯಿಂದ ಇ5ವಿ ಕಡೆಗೆ ಸರಿಸು, ಜೆಪಿ1ಕ್ಕೆ ಟೋಪಿ ಇಲ್ಲವೆಂದು ಖಚಿತ ಮಾಡಿಕೋ. ಮೊದಲು ಹೊರಗಿನ ಸಪ್ಲೈ ಕೊಟ್ಟು, ಎಲ್‌ಡಿ3 ಬೆಳಗಿತೆಂದು ಕಂಡ ಮೇಲೆ ಯುಎಸ್‌ಬಿ ಸಿಕ್ಕಿಸು. ಈ ಕ್ರಮ ತಪ್ಪಿಸಬೇಡ.

ಜಿಪಿಎಸ್ ಮಾಡ್ಯೂಲನ್ನು ಆರ್ಡುಯಿನೋದಲ್ಲಿ ಮಾಡಿದಂತೆ ಡಿ0, ಡಿ1ಕ್ಕೆ ಜೋಡಿಸಿದರೆ ಇಲ್ಲಿ ಏನೂ ಕೇಳಿಸದು. ಆ ಸೀರಿಯಲ್ ಗೆರೆಗಳನ್ನು ಎಸ್‌ಟಿ-ಲಿಂಕ್ ತನ್ನ ಬಳಕೆಗೆ ಇಟ್ಟುಕೊಂಡಿದೆ, ಹೆಡರಿಗೆ ಹೋಗುವ ಬೆಸುಗೆಯ ಸೇತುವೆಗಳು ಕಾರ್ಖಾನೆಯಿಂದಲೇ ತೆರೆದಿರುತ್ತವೆ. ಡಿ8, ಡಿ2 ಬಳಸು, ಅಲ್ಲಿ ಮತ್ತೊಂದು ಸೀರಿಯಲ್ ಪೋರ್ಟ್ ಇದೆ. ನೀನೇ ಚುಕ್ಕಿಬೋರ್ಡಿನಲ್ಲಿ ಶೀಲ್ಡ್ ಮಾಡುವುದಾದರೆ ಡಿ7, ಡಿ8ರ ನಡುವಿನ ಅಂತರ ಅಳೆದು ನೋಡು. ಉಳಿದ ಪಿನ್ನುಗಳಂತೆ 2.54 ಅಲ್ಲ, 4.06 ಮಿಲಿಮೀಟರ್. ಆರ್ಡುಯಿನೋದ ಈ ಹಳೆಯ ವಕ್ರತೆ ಇಲ್ಲಿಯವರೆಗೂ ಬಂದಿದೆ.

ಅಕ್ಕಪಕ್ಕದ ಉದ್ದ ಪಿನ್ನುಗಳು ಬೋರ್ಡಿನ ಕೆಳಗೂ ಚಾಚಿರುತ್ತವೆ. ಸ್ಟೀಲ್ ಟೇಬಲ್ ಮೇಲೆ, ಬೆಸುಗೆ ಹಾಕಿ ಕತ್ತರಿಸಿದ ತಂತಿ ಚೂರುಗಳ ಮೇಲೆ ಇಡಬೇಡ. ಶನಿವಾರ ಎಸ್‌ಪಿ ರೋಡಿಗೆ ಹೋಗುವಾಗ ಜಂಪರ್ ಟೋಪಿಗಳ ಒಂದು ಪೊಟ್ಟಣ, ಡೇಟಾ ಬರುವ ಒಂದು ಮಿನಿ ಯುಎಸ್‌ಬಿ ಕೇಬಲ್ ತಂದುಕೋ. ಬೋರ್ಡಿನ ಅಡಿಗೆ ಸದ್ಯಕ್ಕೆ ದಪ್ಪ ರಟ್ಟು ಸಾಕು.