ಬೆನ್ನೆಲುಬಿನ ಕ್ಷ-ಕಿರಣ ಚಿತ್ರ ಮತ್ತು ರೋಗಿಯ ಭಂಗಿ

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣದಿಂದ ಮೂಡುವ ಚಿತ್ರವು ಎಲುಬಿನ ನೆರಳು. ರೋಗಿಯ ಭಂಗಿ ತಪ್ಪಿದರೆ ನೆರಳೂ ತಪ್ಪನ್ನೇ ಹೇಳುವುದು. ಸೊಂಟದ 5 ಕಶೇರುಗಳ ಚಿತ್ರಕ್ಕಾಗಿ ರೋಗಿಯನ್ನು ಅಂಗಾತ ಮಲಗಿಸಿ ಮೊಣಕಾಲುಗಳನ್ನು ಮಡಿಸುವರು. ಇದರಿಂದ ಸೊಂಟದ ಬಾಗು ತಗ್ಗಿ, ಕಶೇರುಗಳ ನಡುವಣ ಅಂತರಗಳು ಸ್ಪಷ್ಟವಾಗಿ ತೋರುವುವು. ಬೆನ್ನು ಪಕ್ಕಕ್ಕೆ ಡೊಂಕಾದ, ನಿಲ್ಲಬಲ್ಲ ಮಕ್ಕಳನ್ನು ನಿಲ್ಲಿಸಿಯೇ ಚಿತ್ರ ತೆಗೆಯುವರು. ಮಲಗಿಸಿದರೆ ದೇಹಭಾರವಿಳಿದು ಡೊಂಕು ಕಡಿಮೆಯಾಗಿ ಕಾಣುವುದು.

ಆದರೆ ಬಿದ್ದು ಕುತ್ತಿಗೆಗೆ ಪೆಟ್ಟಾದವನಿಗೆ ಈ ಕ್ರಮವು ಸಲ್ಲದು. ಮುರಿದ ಕಶೇರು ಸರಿದರೆ ಬೆನ್ನುಹುರಿಗೆ ಗಾಯವಾಗಿ ಕೈಕಾಲುಗಳ ಚಲನೆಯೇ ನಷ್ಟವಾಗಬಹುದು. ಅಂಥವನನ್ನು ಮಲಗಿದಂತೆಯೇ ಇರಿಸಿ, ಯಂತ್ರವನ್ನೇ ಪಕ್ಕಕ್ಕೆ ತಂದು, ಕಿರಣವನ್ನು ಅಡ್ಡಲಾಗಿ ಹಾಯಿಸುವರು. ಆಟದ ಬಯಲಿನಲ್ಲಿ ಬಿದ್ದ ಬಾಲಕನನ್ನು ಅವಸರದಿಂದ ಎತ್ತಿ ಕೂರಿಸುವ ಮುನ್ನ ಅಧ್ಯಾಪಕರು ನೆನೆಯಬೇಕಾದುದೂ ಇದನ್ನೇ.