ಐರ್ಲೆಂಡಿನ ಹಬ್ಬಗಳು, ಗೇಣಿಯ ದಿನಗಳು

ಹಬ್ಬ ಎಂದರೆ ನಮಗೆ ರಜೆ, ಹೊಸ ಬಟ್ಟೆ, ಸಿಹಿ. ಹಳೆಯ ಐರ್ಲೆಂಡಿನ ರೈತರಿಗೆ ಹಬ್ಬವೇ ಕ್ಯಾಲೆಂಡರ್, ಹಬ್ಬವೇ ಲೆಕ್ಕದ ಪುಸ್ತಕ. ನಾಲ್ಕು ದಿನಗಳು ಅವರ ವರ್ಷವನ್ನು ನಾಲ್ಕು ಭಾಗ ಮಾಡುತ್ತಿದ್ದವು.

ಫೆಬ್ರವರಿ 1: ಸಂತ ಬ್ರಿಜಿಡ್ ದಿನ, ವಸಂತದ ಆರಂಭ. ಜೊಂಡುಹುಲ್ಲಿನಿಂದ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಅದು ಮನೆಯನ್ನು ಬೆಂಕಿಯಿಂದ ಕಾಪಾಡುತ್ತದೆ ಎಂಬ ನಂಬಿಕೆ. ಹಿಂದಿನ ರಾತ್ರಿ ಹೊರಗಿಟ್ಟ ಬಟ್ಟೆಯನ್ನು ತಲೆನೋವು ಬಂದಾಗ ಕಟ್ಟಿಕೊಳ್ಳುತ್ತಿದ್ದರು.

ಮೇ 1: ಬೇಸಿಗೆಯ ಆರಂಭ. ರೋಗ ಬಾರದಿರಲೆಂದು ದನಗಳನ್ನು ಎರಡು ಬೆಂಕಿಗಳ ನಡುವೆ ಓಡಿಸುತ್ತಿದ್ದರು. ಹೊಸ್ತಿಲಲ್ಲಿ ಹಳದಿ ಹೂ ಇಡುತ್ತಿದ್ದರು. ಅಂದು ಯಾರು ಕೇಳಿದರೂ ಹಾಲು, ಕೆಂಡ ಕೊಡುತ್ತಿರಲಿಲ್ಲ. ಕೊಟ್ಟರೆ ವರ್ಷದ ಬೆಣ್ಣೆ ಹೋಯಿತು ಎಂಬ ಭಯ.

ಆಗಸ್ಟ್ 1: ಸುಗ್ಗಿಯ ಆರಂಭ. ಜುಲೈಯಲ್ಲಿ ಹಳೆಯ ಆಲೂಗಡ್ಡೆ ಮುಗಿದು ಬಡವರ ಮನೆಯಲ್ಲಿ ಹಸಿವು. ಆದ್ದರಿಂದ ಹೊಸ ಆಲೂಗಡ್ಡೆಯ ಮೊದಲ ಊಟವೇ ದೊಡ್ಡ ಹಬ್ಬ. ಜುಲೈನ ಕೊನೆಯ ಭಾನುವಾರ ಜನ ಈಗಲೂ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಾರೆ.

ನವೆಂಬರ್ 1: ಚಳಿಗಾಲದ ಆರಂಭ. ಹಿಂದಿನ ರಾತ್ರಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಮಾಡುತ್ತಿದ್ದರು. ಒಣಹಣ್ಣಿನ ಬ್ರೆಡ್ಡಿನಲ್ಲಿ ಉಂಗುರ ಸಿಕ್ಕವರಿಗೆ ಬೇಗ ಮದುವೆ ಎನ್ನುತ್ತಿದ್ದರು.

ಕಾಮರ್ಸ್ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಒಂದಿದೆ. ಜಮೀನ್ದಾರನಿಗೆ ಗೇಣಿ ಕಟ್ಟುವ ದಿನಗಳೂ ಸಾಮಾನ್ಯವಾಗಿ ಮೇ 1 ಮತ್ತು ನವೆಂಬರ್ 1. ಕಟ್ಟದಿದ್ದರೆ ಮನೆ ಬಿಡಬೇಕಾಗುತ್ತಿತ್ತು. ಅನೇಕರು ಬೆಣ್ಣೆ ಮಾರಿ ಗೇಣಿಯ ಹಣ ಹೊಂದಿಸುತ್ತಿದ್ದರು. ಹಾಲು ಕೊಡದ ಪದ್ಧತಿಯ ಹಿಂದಿನ ಭಯ ಇದರಿಂದ ಅರ್ಥವಾಗುತ್ತದೆ.

ಈದ್ ದಿನಕ್ಕೆ ಹೀಗೆ ಗೇಣಿ ಕಟ್ಟಿಸಲು ಆಗದು. ಚಾಂದ್ರ ವರ್ಷ ಸುಮಾರು 11 ದಿನ ಚಿಕ್ಕದು, ಈದ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ಬೆಳೆ ಸುತ್ತುವುದಿಲ್ಲ. ಅದಕ್ಕೇ ಅಕ್ಬರನ ಕಾಲದಲ್ಲಿ ಕಂದಾಯಕ್ಕೆಂದು ಫಸಲಿ ವರ್ಷ ಬಂತು. ಫಸಲ್ ಎಂದರೆ ಬೆಳೆ.

ಈ ಪದ್ಧತಿಗಳಲ್ಲಿ ಬಹಳಷ್ಟು ನಮಗೆ ತಿಳಿದಿರುವುದು ಶಾಲಾ ಮಕ್ಕಳಿಂದ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಶಾಲೆಗಳ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟರು. ಅವರು ನಮಗಿಂತ ಚಿಕ್ಕವರು. ನಮ್ಮ ದಾದಿ, ನಾನಿಯರಿಗೂ ಬೇಕಾದಷ್ಟು ಗೊತ್ತಿದೆ. ಕೇಳಿ ಬರೆದಿಡಲು ಒಂದು ನೋಟ್‌ಬುಕ್ ಸಾಕು.