ಸರ್ವರ್ ಒಳಗಿನ ಕಾವಲುಗಾರ: ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಬದಲಿಸುವುದು ಹೇಗೆ?

"ಸರ್ವರ್ ಡೌನ್ ಇದೆ, ನಾಳೆ ಬನ್ನಿ." ಈ ಮಾತು ಕೇಳದ ಮನೆ ನಮ್ಮ ಹಾಸನ ಜಿಲ್ಲೆಯಲ್ಲಿ ಸಿಗೋದು ಕಷ್ಟ. ಚನ್ನರಾಯಪಟ್ಟಣ ತಾಲೂಕಿನ ದಂಡಿಗನಹಳ್ಳಿ ಹೋಬಳಿಯ ರೈತರೊಬ್ಬರಿಗೆ ಪಹಣಿ ಬೇಕು ಅಂದ್ರೆ, ಕೌಂಟರಿನ ಕಂಪ್ಯೂಟರ್ ದೂರದ ಡೇಟಾ ಸೆಂಟರಿನ ಸರ್ವರ್ ಜೊತೆ ಮಾತಾಡಬೇಕು. ಮಾತಾಡದಿದ್ದರೆ ಅವರ ಒಂದು ದಿನದ ಕೂಲಿಯೂ ಹೋಯ್ತು, ಬಸ್ ಚಾರ್ಜೂ ಹೋಯ್ತು. ಎಲ್ಲ ಸಲವೂ ಕಾರಣ ಹಾರ್ಡ್‌ವೇರ್ ಅಲ್ಲ. ನೆಟ್‌ವರ್ಕ್, ಕರೆಂಟ್, ಸಾಫ್ಟ್‌ವೇರ್ ಯಾವುದೂ ಆಗಿರಬಹುದು. ಆದರೆ ಹಾರ್ಡ್‌ವೇರ್ ಕೆಟ್ಟಾಗ "ನಾಳೆ" ಎಂಬುದು "ಇನ್ನು ಅರ್ಧ ಗಂಟೆ" ಆಗಬೇಕಾದರೆ, ನಮ್ಮ ಸಿಲಬಸ್ಸಿನಲ್ಲಿ ಹೆಚ್ಚು ಬಾರದ ಒಂದು ಚಿಕ್ಕ ಚಿಪ್ ಸರಿಯಾಗಿರಬೇಕು. ಈ ಸಲ ಅದರ ಬಗ್ಗೆ ಕಲಿಯೋಣ.

ಏನಿದು?

ದೊಡ್ಡ ಸರ್ವರ್‌ಗಳ ಒಳಗೆ ಮುಖ್ಯ ಸಿಪಿಯು ಅಲ್ಲದೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ಮೆಮೊರಿ, ಫ್ಲಾಶ್, ಸಾಮಾನ್ಯವಾಗಿ ತನ್ನದೇ ನೆಟ್‌ವರ್ಕ್ ಪೋರ್ಟ್. ಹಳೆಯ ಎಚ್‌ಪಿ ಇಂಟೆಗ್ರಿಟಿ ಸರ್ವರ್‌ಗಳಲ್ಲಿ ಇದನ್ನು ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಅಂತಲೇ ಕರೆಯುತ್ತಿದ್ದರು. ಈಗಿನ ಸಾಮಾನ್ಯ ಹೆಸರು ಬಿಎಂಸಿ. ಎಚ್‌ಪಿಇ ಇದನ್ನು ಐಎಲ್‌ಓ ಅನ್ನುತ್ತದೆ, ಡೆಲ್ ಐಡ್ರಾಕ್ ಅನ್ನುತ್ತದೆ. ಇದರ ಜೊತೆ ಮಾತಾಡಲು ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಸೇರಿ 1998ರಲ್ಲಿ ಐಪಿಎಂಐ ಎಂಬ ನಿಯಮಾವಳಿ ತಂದವು. 2015ರಲ್ಲಿ ರೆಡ್‌ಫಿಶ್ ಎಂಬ ಹೊಸ ನಿಯಮಾವಳಿ ಬಂತು.

ಸರ್ವರ್ ಆಫ್ ಆಗಿದ್ದರೂ ಪವರ್ ಕೇಬಲ್ ಸಿಕ್ಕಿಸಿದ್ದರೆ ಸಾಕು, ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ಇದು ಎಚ್ಚರವಾಗಿರುತ್ತದೆ. ಉಷ್ಣಾಂಶ ನೋಡುತ್ತದೆ, ಫ್ಯಾನ್ ವೇಗ ಹೊಂದಿಸುತ್ತದೆ, ದೋಷಗಳನ್ನು ಲಾಗ್‌ನಲ್ಲಿ ಬರೆದಿಡುತ್ತದೆ, ದೂರದಿಂದಲೇ ಆನ್-ಆಫ್ ಮಾಡಲು ಬಿಡುತ್ತದೆ.

ನಮ್ಮ ಹಾಸನದವರಿಗೆ ಇದು ಹೊಸ ವಿಚಾರವೇನಲ್ಲ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಕೂತು, ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಆರೋಗ್ಯ ನೋಡುತ್ತಾ ಕಮಾಂಡ್ ಕಳಿಸುತ್ತಿದೆ. ಕೈಗೆ ಸಿಗದ ಯಂತ್ರವನ್ನು ದೂರದಿಂದ ಕಾಯುವ ಕೆಲಸವೇ ಎರಡೂ ಕಡೆ. ಆದರೆ ಉಪಗ್ರಹದಲ್ಲಿ ಕೆಟ್ಟ ಬೋರ್ಡ್ ಬದಲಿಸಲು ಯಾರೂ ಹೋಗಲಾರರು. ಸರ್ವರ್‌ನಲ್ಲಿ ಹೋಗಬಹುದು.

ಕೆಟ್ಟರೆ ಏನಾಗುತ್ತೆ?

ಬಿಎಂಸಿ ಸತ್ತರೂ ಸಾಮಾನ್ಯವಾಗಿ ಸರ್ವರ್ ಕೆಲಸ ಮಾಡ್ತಾನೇ ಇರುತ್ತೆ. ದನ ಮೇಯ್ತಾ ಇದೆ, ಕಾಯೋನು ಮಾತ್ರ ಇಲ್ಲ. ಫ್ಯಾನ್‌ಗಳು ಎಷ್ಟೋ ಸಲ ಪೂರ್ತಿ ವೇಗದಲ್ಲಿ ಕಿರುಚುತ್ತವೆ, ರಿಮೋಟ್ ಪುಟ ತೆರೆಯುವುದಿಲ್ಲ. ಸೇವೆ ನಿಂತಿಲ್ಲವಾದ್ದರಿಂದ ತಕ್ಷಣ ಕೈ ಹಾಕಬೇಕಿಲ್ಲ, ಜನರ ಸರದಿ ಇಲ್ಲದ ಹೊತ್ತನ್ನು ನಾವೇ ಆರಿಸಿಕೊಳ್ಳಬಹುದು. ಹಾಗಂತ ತಿಂಗಳುಗಟ್ಟಲೆ ಬಿಟ್ಟರೆ, ಮುಂದಿನ ದೋಷ ಬಂದಾಗ ಅದನ್ನು ಹೇಳೋರು ಯಾರೂ ಇರೋದಿಲ್ಲ.

ಮೊದಲು: ನಿಜವಾಗಿ ಸತ್ತಿದೆಯಾ?

ಪೋರ್ಟ್‌ನ ಕೇಬಲ್, ಸ್ವಿಚ್, ಐಪಿ ವಿಳಾಸ ನೋಡಿ. ಆಮೇಲೆ ಆಪರೇಟಿಂಗ್ ಸಿಸ್ಟಂ ಒಳಗಿನಿಂದಲೇ ಐಪಿಎಂಐಟೂಲ್ ಬಳಸಿ ಬಿಎಂಸಿಯನ್ನು ಮಾತ್ರ ರೀಸೆಟ್ ಮಾಡಿ. ಸಾಮಾನ್ಯವಾಗಿ ಸರ್ವರ್ ನಿಲ್ಲುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಸರ್ವರನ್ನು ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಕೆಲವು ಐಎಲ್‌ಓ 4 ಸರ್ವರ್‌ಗಳಲ್ಲಿ ಕಾಣಿಸಿದ ಫ್ಲಾಶ್ ದೋಷಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಫ್ಲಾಶನ್ನು ಫಾರ್ಮ್ಯಾಟ್ ಮಾಡುವುದೇ ಕಂಪನಿ ಹೇಳಿದ ಮೊದಲ ಪರಿಹಾರವಾಗಿತ್ತು. ಇಷ್ಟಾದರೂ ಏಳದಿದ್ದರೆ ಬದಲಿಸುವ ಮಾತು.

ಬಿಚ್ಚುವ ಮೊದಲು ಬರೆದುಕೊಳ್ಳಿ

ಈ ಪಾಠದ ತಿರುಳು ಇಲ್ಲಿದೆ: ಬೋರ್ಡ್ ಬದಲಿಸೋದು ಸ್ಕ್ರೂಡ್ರೈವರ್ ಕೆಲಸ, ಆದರೆ ಬೋರ್ಡ್ ಜೊತೆ ಸರ್ವರಿನ ಗುರುತೂ ಹೋಗಬಹುದು. ಆದ್ದರಿಂದ ಇವನ್ನೆಲ್ಲ ಮೊದಲೇ ಬರೆದಿಡಬೇಕು:

1. ಸೀರಿಯಲ್ ನಂಬರ್, ಪ್ರಾಡಕ್ಟ್ ನಂಬರ್, ಯುಯುಐಡಿ. ವಾರಂಟಿಯೂ ಕೆಲವು ಸಾಫ್ಟ್‌ವೇರ್ ಲೈಸೆನ್ಸ್‌ಗಳೂ ಇದನ್ನೇ ನೋಡುತ್ತವೆ.
2. ಬಿಎಂಸಿಯ ಐಪಿ ವಿಳಾಸ, ಗೇಟ್‌ವೇ, ಬಳಕೆದಾರರ ಪಟ್ಟಿ, ಅಲರ್ಟ್ ಹೋಗುವ ವಿಳಾಸ.
3. ಲೈಸೆನ್ಸ್ ಕೀ. ಎಷ್ಟೋ ಸರ್ವರ್‌ಗಳಲ್ಲಿ ರಿಮೋಟ್ ಕನ್ಸೋಲ್ ಪೂರ್ತಿ ಬಳಸಲು ಇದು ಬೇಕು.
4. ಫರ್ಮ್‌ವೇರ್ ಆವೃತ್ತಿ, ಬಯಾಸ್ ಸೆಟ್ಟಿಂಗ್, ಬೂಟ್ ಕ್ರಮ.
5. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ರಿಕವರಿ ಕೀ. ಮದರ್‌ಬೋರ್ಡ್ ಬದಲಾದರೆ ಟಿಪಿಎಂ ಚಿಪ್ ಕೂಡ ಬದಲಾಗಬಹುದು. ಕೀ ಇಲ್ಲದಿದ್ದರೆ ಡೇಟಾ ತೆರೆಯೋದೇ ಇಲ್ಲ.

ಬಿಎಂಸಿ ಸತ್ತ ಮೇಲೆ ಇದರಲ್ಲಿ ಅರ್ಧ ಮಾಹಿತಿ ಅದರಿಂದ ಸಿಗೋದಿಲ್ಲ. ಅದಕ್ಕೇ ಈ ಪಟ್ಟಿ ಸರ್ವರ್ ಚೆನ್ನಾಗಿರುವಾಗಲೇ ತಯಾರಿರಬೇಕು. ಡೆಲ್‌ನ ಈಚಿನ ಸರ್ವರ್‌ಗಳು ಈಸಿ ರಿಸ್ಟೋರ್ ಎಂಬ ವ್ಯವಸ್ಥೆಯಲ್ಲಿ ಸರ್ವಿಸ್ ಟ್ಯಾಗ್, ಲೈಸೆನ್ಸ್ ಮುಂತಾದವುಗಳ ಪ್ರತಿಯನ್ನು ಬೇರೆ ಫ್ಲಾಶ್‌ನಲ್ಲಿ ತಾವೇ ಇಟ್ಟುಕೊಳ್ಳುತ್ತವೆ.

ಬದಲಿಸುವ ಕ್ರಮ

1. ಕೆಲಸದ ಹೊರೆಯನ್ನು ಬೇರೆ ಸರ್ವರ್‌ಗೆ ವರ್ಗಾಯಿಸಿ, ಬ್ಯಾಕಪ್ ಇದೆಯಾ ಖಚಿತಪಡಿಸಿಕೊಂಡು ಶಟ್‌ಡೌನ್ ಮಾಡಿ.
2. ಎರಡು ಪವರ್ ಸಪ್ಲೈ ಇದ್ದರೆ ಎರಡೂ ಕೇಬಲ್ ಕೀಳಿ. ಒಂದೇ ಉಳಿದರೂ ಸ್ಟ್ಯಾಂಡ್‌ಬೈ ಕರೆಂಟ್ ಹರೀತಾ ಇರುತ್ತೆ. ಬೋರ್ಡ್ ಮೇಲಿನ ಎಲ್‌ಇಡಿ ಆರುವ ತನಕ ಕಾಯಿರಿ.
3. ಸ್ಟ್ಯಾಟಿಕ್ ತಡೆಯುವ ಪಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಕೇಬಲ್ ತೆಗೆಯುವ ಮುಂಚೆ ಫೋಟೋ ಹೊಡೆದಿಡಿ.
4. ಬೇರೆ ಕಾರ್ಡ್ ಇದ್ದರೆ ಕಾರ್ಡ್ ಮಾತ್ರ ಬದಲಿಸಿ. ಎಚ್‌ಪಿಯ ಹಳೆಯ ಆರ್‌ಎಕ್ಸ್2600ರಲ್ಲಿ ಹೀಗೆ ಕಾರ್ಡ್ ಇತ್ತು. ಆಮೇಲಿನ ಬಹಳಷ್ಟು ಸರ್ವರ್‌ಗಳಲ್ಲಿ ಚಿಪ್ಪನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುವುದರಿಂದ ಇಡೀ ಬೋರ್ಡ್ ಬದಲಾಗುತ್ತದೆ. ಆಗ ಸಿಪಿಯು ಸಾಕೆಟ್ಟಿನ ಪಿನ್‌ಗಳ ಮೇಲೆ ವಿಶೇಷ ಎಚ್ಚರ ಇರಲಿ. ಈಗ ಓಪನ್ ಕಂಪ್ಯೂಟ್ ಪ್ರಾಜೆಕ್ಟ್ ಮತ್ತೆ ಇದನ್ನು ಕಿತ್ತು ಹಾಕಬಹುದಾದ ಕಾರ್ಡ್ ಆಗಿಸುವ ಮಾನದಂಡ ರೂಪಿಸಿದೆ.
5. ಪವರ್ ಕೇಬಲ್ ಹಾಕಿದ ತಕ್ಷಣ ಬಟನ್ ಒತ್ತಬೇಡಿ. ಬಿಎಂಸಿ ಮೊದಲು ತಾನು ಬೂಟ್ ಆಗಬೇಕು, ಅದಕ್ಕೆ ಒಂದೆರಡು ನಿಮಿಷ ಕೊಡಿ.
6. ಫರ್ಮ್‌ವೇರ್ ಹೊಂದಿಸಿ, ಗುರುತಿನ ಸಂಖ್ಯೆ, ಲೈಸೆನ್ಸ್, ಐಪಿ ಎಲ್ಲ ವಾಪಸ್ ಬರೆಯಿರಿ. ಗಡಿಯಾರ ಸರಿಮಾಡಿ, ತಪ್ಪು ಸಮಯದ ಲಾಗ್ ಯಾರಿಗೂ ಉಪಯೋಗವಿಲ್ಲ.
7. ದೂರದಿಂದ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಅಲರ್ಟ್ ಬರುತ್ತಾ ನೋಡಿ. ಇದು ಆಗುವವರೆಗೂ ಕೆಲಸ ಮುಗಿದಿಲ್ಲ.

ಬೀಗದ ವಿಷಯ

ಹೊಸ ಬೋರ್ಡ್ ಡೀಫಾಲ್ಟ್ ಪಾಸ್‌ವರ್ಡ್ ಜೊತೆ ಬರಬಹುದು, ಮೊದಲು ಅದನ್ನು ಬದಲಿಸಿ. ಬಿಎಂಸಿ ಕೈಗೆ ಸಿಕ್ಕವರಿಗೆ ಇಡೀ ಸರ್ವರ್ ಸಿಕ್ಕಂತೆ. 2017ರಲ್ಲಿ ಐಎಲ್‌ಓ 4ರಲ್ಲಿ ಬಯಲಾದ ದೋಷದಲ್ಲಿ, ವೆಬ್ ಕೋರಿಕೆಯ ಒಂದು ಜಾಗದಲ್ಲಿ ಇಂಗ್ಲಿಷಿನ 'ಎ' ಅಕ್ಷರವನ್ನು 29 ಸಲ ಬರೆದರೆ ಸಾಕು, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಬಹುದಿತ್ತು. ಆದ್ದರಿಂದ ಇದರ ಪೋರ್ಟ್ ಬೇರೆ ನೆಟ್‌ವರ್ಕ್‌ನಲ್ಲಿರಲಿ, ಹೊರಗಿನ ಇಂಟರ್‌ನೆಟ್‌ಗೆ ಕಾಣಿಸದಿರಲಿ. ಕಿತ್ತ ಹಳೆಯ ಬೋರ್ಡನ್ನೂ ಗುಜರಿಗೆ ಹಾಗೇ ಹಾಕಬಾರದು. ಅದರ ಫ್ಲಾಶ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಮಾಹಿತಿ ಉಳಿದಿರಬಹುದು.

ಗೆಳೆಯರೇ, ಲ್ಯಾಬ್‌ನ ಮೂಲೆಯಲ್ಲಿ ಹಳೆಯ ಸರ್ವರ್ ಏನಾದರೂ ಇದ್ದರೆ ಅದರ ಹಿಂಭಾಗ ನೋಡಿ. ಮಾಮೂಲಿ ನೆಟ್‌ವರ್ಕ್ ಪೋರ್ಟ್‌ಗಳಿಂದ ಸ್ವಲ್ಪ ಬೇರೆಯಾಗಿ, ಸ್ಪ್ಯಾನರ್ ಗುರುತೋ ಐಎಲ್‌ಓ, ಐಡ್ರಾಕ್ ಎಂಬ ಹೆಸರೋ ಇರುವ ಒಂದು ಪೋರ್ಟ್ ಸಿಗಬಹುದು. ಲ್ಯಾಬ್ ಇನ್‌ಸ್ಟ್ರಕ್ಟರ್ ಅನುಮತಿ ಪಡೆದು ಅದಕ್ಕೊಂದು ಕೇಬಲ್ ಹಾಕಿ, ಮೇಲಿನ ಐದು ಅಂಶಗಳ ಪಟ್ಟಿಯನ್ನು ಆ ಸರ್ವರಿಗೆ ತುಂಬಿಸಿ ನೋಡಿ. ನಾಳೆ ನಮ್ಮಲ್ಲೇ ಯಾರಾದರೂ ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುತ್ತಿರಬಹುದು. ಆಗ ಆ ಪಟ್ಟಿ ತುಂಬಿದ್ದರೆ, ಬೆಳಗ್ಗೆ ದಂಡಿಗನಹಳ್ಳಿಯ ಕೌಂಟರ್ ತೆರೆಯುವ ಹೊತ್ತಿಗೆ ಸರ್ವರ್ ಸಿದ್ಧವಾಗಿರುತ್ತದೆ.